ಹೊಗೆ ಬೇಡ, ಸರಿ; ಬದಲಿಗೇನು?



ವಿಜ್ಞಾನದ ಸಂಗತಿಯನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಮುಖ್ಯ ಷರತ್ತು. ಚಿಕ್ಕ ಷರತ್ತೇ, ಆದರೆ ಪಾಲಿಸುವುದು ಸುಲಭವಲ್ಲ. ನಗರಗಳ ವಾಯುಮಾಲಿನ್ಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಈ ವಿಷಯದಲ್ಲಿ ಅಂಕಿ ಅಂಶಗಳಿಗೆ ಬರವಿಲ್ಲ, ಭಯಕ್ಕಂತೂ ಇಲ್ಲವೇ ಇಲ್ಲ. ಪ್ರತಿ ನವೆಂಬರಿನಲ್ಲಿ ದೆಹಲಿಯ ಚಿತ್ರಗಳು ಟೀವಿಯಲ್ಲಿ ಬರುತ್ತವೆ, ನಾವು ಅಯ್ಯೋ ಅನ್ನುತ್ತೇವೆ, ಸಂಕ್ರಾಂತಿ ಬರುವಷ್ಟರಲ್ಲಿ ಮರೆತಿರುತ್ತೇವೆ. ಇಷ್ಟೆಲ್ಲದರ ನಡುವೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದು ಉಳಿದುಬಿಡುತ್ತದೆ. ಹೊಗೆ ಬಿಡಬೇಡ ಎಂದು ಒಬ್ಬನಿಗೆ ಹೇಳುತ್ತೇವೆ. ಹಾಗಾದರೆ ಅವನು ಏನು ಮಾಡಬೇಕು, ಅದರ ಖರ್ಚು ಯಾರು ಕೊಡಬೇಕು? ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ. ಹೊಗೆಮಂಜನ್ನು ಗೆದ್ದ ಊರುಗಳು ಎಲ್ಲಿ ಗೆದ್ದವು, ಸೋತವು ಎಲ್ಲಿ ಸೋತವು ಎಂದು ನೋಡಿದರೆ ಉತ್ತರ ಬಹುಪಾಲು ಈ ಪ್ರಶ್ನೆಯಲ್ಲೇ ಅಡಗಿದೆ ಎಂಬುದು ನನ್ನ ವಾದ.

1. ಲಂಡನ್ನಿನ ಐದು ದಿನ

1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ನಿನಲ್ಲಿ ಕೊರೆಯುವ ಚಳಿ, ಗಾಳಿ ಅಲುಗಾಡುತ್ತಿಲ್ಲ. ಸಾಮಾನ್ಯ ದಿನಗಳಲ್ಲಿ ನೆಲದ ಹತ್ತಿರದ ಗಾಳಿ ಬೆಚ್ಚಗಿರುತ್ತದೆ, ಮೇಲೆ ಹೋದಂತೆ ತಣ್ಣಗಾಗುತ್ತದೆ. ಬೆಚ್ಚಗಿನ ಗಾಳಿ ಹಗುರ. ಅದು ಮೇಲೇರುವಾಗ ಹೊಗೆಯನ್ನೂ ಒಯ್ಯುತ್ತದೆ. ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ಬೇಗ ತಣ್ಣಗಾಗಿ ತನ್ನ ಮೇಲಿನ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಬೇಯುವ ಮಡಕೆಯ ಮೇಲೆ ಮುಚ್ಚಳ ಕವುಚಿದ ಹಾಗೆ ಕೂತುಬಿಡುತ್ತದೆ. ಕೆಳಗಿನ ಭಾರದ ಗಾಳಿಗೆ ಮೇಲೇರಲು ದಾರಿಯಿಲ್ಲ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ಉಷ್ಣತಾ ವಿಪರ್ಯಯ ಎನ್ನುತ್ತಾರೆ. ಆ ಶುಕ್ರವಾರ ಲಂಡನ್ನಿನ ಮೇಲೆ ಬಿದ್ದ ಮುಚ್ಚಳ ಮಂಗಳವಾರ, ಅಂದರೆ 9ನೇ ತಾರೀಕಿನವರೆಗೂ ಏಳಲಿಲ್ಲ.

ಮುಚ್ಚಳದ ಕೆಳಗೆ ಉರಿಯುತ್ತಿದ್ದದ್ದು ಕಲ್ಲಿದ್ದಲು. ಮನೆಮನೆಯ ಅಗ್ಗಿಷ್ಟಿಕೆಯಲ್ಲಿ, ಕಾರ್ಖಾನೆಗಳಲ್ಲಿ, ಊರೊಳಗೇ ಇದ್ದ ವಿದ್ಯುತ್ ಸ್ಥಾವರಗಳಲ್ಲಿ, ರೈಲು ಎಂಜಿನ್ನುಗಳಲ್ಲಿ ಎಲ್ಲೆಲ್ಲೂ ಅದೇ. ಎರಡನೇ ಮಹಾಯುದ್ಧ ಮುಗಿದು ಏಳು ವರ್ಷವಾಗಿದ್ದರೂ ಬ್ರಿಟನ್ನಿನ ಸಾಲ ತೀರಿರಲಿಲ್ಲ. ಒಳ್ಳೆಯ ಕಲ್ಲಿದ್ದಲು ಹಡಗು ಹತ್ತಿ ರಫ್ತಾಗುತ್ತಿತ್ತು. ಮನೆ ಬಳಕೆಯ ಕಲ್ಲಿದ್ದಲಿಗೆ ಪಡಿತರದ ಮಿತಿ ಇತ್ತು. ‘ನಟಿ ಸ್ಲ್ಯಾಕ್’ ಎಂದು ಕರೆಯುತ್ತಿದ್ದ ಪುಡಿಪುಡಿ ಕಲ್ಲಿದ್ದಲನ್ನು ಮಾತ್ರ ಸರ್ಕಾರ ಅದೇ ಡಿಸೆಂಬರ್ 1ರಿಂದ ಪಡಿತರದಿಂದ ಹೊರಗಿಟ್ಟು ಎಷ್ಟು ಬೇಕಾದರೂ ಕೊಳ್ಳಿರಿ ಎಂದಿತ್ತು. ಅಗ್ಗದ ಸರಕು, ಕಾವು ಕಡಿಮೆ, ಹೊಗೆ ಜಾಸ್ತಿ. ನಾಲ್ಕೇ ದಿನಕ್ಕೆ ಚಳಿ ಬಿತ್ತು. ಬಡವರ ಮನೆಯ ತಾಯಂದಿರು ಇದ್ದದ್ದನ್ನು ಸುರಿದು ಬೆಂಕಿ ಹೆಚ್ಚಿಸಿದರು. ಮಕ್ಕಳಿಗೆ ಚಳಿಯಾಗಬಾರದು ಎಂದುಕೊಂಡ ಆ ತಾಯಂದಿರಲ್ಲಿ ಯಾರನ್ನು ಅಪರಾಧಿ ಎನ್ನೋಣ?

ಆ ದಿನಗಳ ವಿವರಗಳು ಪ್ರಸಿದ್ಧವೇ. ಕಂಡಕ್ಟರುಗಳು ಕೈಯಲ್ಲಿ ದೀವಟಿಗೆ ಹಿಡಿದು ಬಸ್ಸಿನ ಮುಂದೆ ನಡೆದು ದಾರಿ ತೋರಿಸಿದರು. ಆಮೇಲೆ ಬಸ್ಸುಗಳೇ ನಿಂತವು. ಸೋಮವಾರ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ‘ಲಾ ಟ್ರಾವಿಯಾಟಾ’ ಗೀತನಾಟಕ ನಡೆಯುತ್ತಿದ್ದಾಗ ಹೊಗೆ ಒಳಗೇ ನುಗ್ಗಿ ಮೊದಲ ಅಂಕಕ್ಕೇ ಪ್ರದರ್ಶನ ನಿಲ್ಲಿಸಬೇಕಾಯಿತು. ಕ್ಷಯರೋಗದಿಂದ ಸಾಯುವ ಹೆಣ್ಣೊಬ್ಬಳ ಕತೆ ಅದು. ಅರ್ಲ್ಸ್ ಕೋರ್ಟಿನಲ್ಲಿ ಸ್ಮಿತ್‌ಫೀಲ್ಡ್ ದನಗಳ ಪ್ರದರ್ಶನಕ್ಕೆಂದು ಬಂದಿದ್ದ ಕೊಬ್ಬಿದ ರಾಸುಗಳು ಏದುಸಿರು ಬಿಟ್ಟವು, ಕೆಲವು ಸತ್ತವು. ಬಹುಮಾನಕ್ಕೆಂದು ದಿನಕ್ಕೆ ಹಲವು ಸಲ ಕೊಟ್ಟಿಗೆ ತೊಳೆಸಿಕೊಳ್ಳುತ್ತಿದ್ದ ದನಗಳಿಗೇ ಹೆಚ್ಚು ತೊಂದರೆಯಾಯಿತಂತೆ. ಸಗಣಿ ಗಂಜಲದ ನಡುವೆ ಇದ್ದವು ಅಷ್ಟು ನರಳಲಿಲ್ಲ. ಗಂಜಲದಿಂದ ಏಳುವ ಅಮೋನಿಯಾ ಗಾಳಿಯಲ್ಲಿನ ಆಮ್ಲವನ್ನು ಸ್ವಲ್ಪ ಮುರಿದಿರಬೇಕು ಎಂಬ ವಿವರಣೆ ಉಂಟು. ಆ ಆಮ್ಲ ಬಂದದ್ದು ಕಲ್ಲಿದ್ದಲಿನ ಗಂಧಕದಿಂದ. ಗಂಧಕ ಉರಿದು ಗಂಧಕದ ಡೈಆಕ್ಸೈಡ್ ಆಗುತ್ತದೆ, ಅದು ಮಂಜಿನ ಹನಿಯಲ್ಲಿ ಕರಗಿ ಗಂಧಕಾಮ್ಲವಾಗುತ್ತದೆ. ಆ ದಿನಗಳಲ್ಲಿ ಪ್ರತಿದಿನ ಸುಮಾರು 800 ಟನ್ ಗಂಧಕಾಮ್ಲ ಲಂಡನ್ನಿನ ಗಾಳಿಯಲ್ಲಿ ಹುಟ್ಟುತ್ತಿತ್ತು ಎಂಬುದು ಬ್ರಿಟನ್ನಿನ ಹವಾಮಾನ ಇಲಾಖೆಯ ಅಂದಾಜು.

2. ಸತ್ತವರನ್ನು ಎಣಿಸಿದ ಮೇಲೆ

ವಿಚಿತ್ರವೆಂದರೆ, ಜನ ಸಾಯುತ್ತಿದ್ದಾರೆ ಎಂಬುದು ಆ ಐದು ದಿನ ಹೆಚ್ಚಿನವರಿಗೆ ಗೊತ್ತಾಗಲೇ ಇಲ್ಲ. ಲಂಡನ್ನಿನವರಿಗೆ ಮಂಜು ಹೊಸದಲ್ಲ. ಶವಪೆಟ್ಟಿಗೆ ಮಾಡುವವರಿಗೆ, ಹೂ ಮಾರುವವರಿಗೆ ಮೊದಲು ಸುಳಿವು ಸಿಕ್ಕಿತು. ಅವರ ಸರಕು ಮುಗಿದುಹೋಗಿತ್ತು. ಡಿಸೆಂಬರ್ 13ಕ್ಕೆ ಮುಗಿದ ವಾರದಲ್ಲಿ ಮಹಾಲಂಡನ್ನಿನಲ್ಲಿ ದಾಖಲಾದ ಸಾವು 4,703. ಹಿಂದಿನ ವರ್ಷ ಅದೇ ವಾರದಲ್ಲಿ ದಾಖಲಾಗಿದ್ದದ್ದು 1,852. ಜನನ ಮರಣ ನೋಂದಣಿಯ ಗುಮಾಸ್ತರ ಪುಸ್ತಕ ಬಾಯಿ ಬಿಟ್ಟ ಮೇಲೆಯೇ ಅದು ದುರಂತವೆನಿಸಿದ್ದು.

ಸರ್ಕಾರದ ವರದಿ ಸುಮಾರು 4,000 ಸಾವುಗಳನ್ನು ಒಪ್ಪಿಕೊಂಡಿತು. ಆದರೆ ಮಂಜು ತಿಳಿಯಾದ ಮೇಲೂ ಮುಂದಿನ ಮಾರ್ಚಿನವರೆಗೆ ಸಾವಿನ ಪ್ರಮಾಣ ಇಳಿದಿರಲಿಲ್ಲ. ಅದು ಇನ್‌ಫ್ಲುಯೆಂಜಾದಿಂದ ಎಂದು ಆರೋಗ್ಯ ಇಲಾಖೆ ಬರೆದು ಮುಗಿಸಿತು. ಅರ್ಧ ಶತಮಾನ ಕಳೆದ ಮೇಲೆ, 2001ರಲ್ಲಿ, ಮಿಷೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಸಂಶೋಧಕಿಯರು ಆ ಲೆಕ್ಕವನ್ನು ಮತ್ತೆ ಬಿಚ್ಚಿದರು. ಅಷ್ಟೊಂದು ಸಾವಿಗೆ ಇನ್‌ಫ್ಲುಯೆಂಜಾ ಕಾರಣವಾಗಿರಲು ಸಾಧ್ಯವಿಲ್ಲ, ಒಟ್ಟು ಹೆಚ್ಚುವರಿ ಸಾವು 12,000ದ ಸುತ್ತಮುತ್ತ ಇದ್ದಿರಬೇಕು ಎಂದರು. ಡೇವಿಸ್ ಬೆಳೆದದ್ದು ಅಮೆರಿಕದ ಡೊನೋರಾ ಎಂಬ ಉಕ್ಕು ಮತ್ತು ಸತುವಿನ ಊರಿನಲ್ಲಿ. 1948ರ ಅಕ್ಟೋಬರಿನಲ್ಲಿ ಅಲ್ಲಿ ಇಂಥದೇ ಹೊಗೆಮಂಜು ಕವಿದು 20 ಜನ ತೀರಿಕೊಂಡಿದ್ದರು.

ಹೊಗೆ ಕೊಲ್ಲುವ ರೀತಿ ಹಾಗೆ. ಅದು ಯಾರ ಮರಣಪತ್ರದಲ್ಲೂ ತನ್ನ ಹೆಸರು ಬರೆಸುವುದಿಲ್ಲ. ಅಲ್ಲಿ ನ್ಯುಮೋನಿಯಾ ಎಂದಿರುತ್ತದೆ, ಹೃದಯಾಘಾತ ಎಂದಿರುತ್ತದೆ, ಮುಪ್ಪು ಎಂದಿರುತ್ತದೆ. 1993ರಲ್ಲಿ ಹಾರ್ವರ್ಡಿನ ಸಂಶೋಧಕರು ಅಮೆರಿಕದ ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಬೀಡಿ ಸಿಗರೇಟು, ವಯಸ್ಸು, ಉದ್ಯೋಗ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅತಿ ಮಲಿನ ಊರಿನವರ ಸಾವಿನ ಪ್ರಮಾಣ ಅತಿ ಶುಭ್ರ ಊರಿನವರಿಗಿಂತ ಶೇ 26ರಷ್ಟು ಹೆಚ್ಚಿತ್ತು. ಅದರಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಿಗೂ ಈ ಸಾವುಗಳಿಗೂ ಹತ್ತಿರದ ನಂಟು ಕಂಡಿತು. ಇಂದು ನಾವು ಪಿಎಂ 2.5 ಎನ್ನುವುದು ಅದನ್ನೇ: 2.5 ಮೈಕ್ರಾನಿಗಿಂತ ಚಿಕ್ಕ ಕಣ, ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗೂ ಕಡಿಮೆ. ಮೂಗಿನ ರೋಮ, ಗಂಟಲಿನ ಕಫ ಯಾವುದೂ ಅದನ್ನು ತಡೆಯಲಾರವು. ಅದು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುತ್ತದೆ, ಅದರಲ್ಲೂ ಅತಿ ಸಣ್ಣವು ರಕ್ತಕ್ಕೇ ಇಳಿಯುತ್ತವೆ. ಕೆಮ್ಮಿಗಷ್ಟೇ ಸೇರಿದ್ದೆಂದು ನಾವು ತಿಳಿದಿದ್ದ ಹೊಗೆ ಹೃದಯಕ್ಕೂ ಮಿದುಳಿಗೂ ಕೈಹಾಕುವುದು ಹೀಗೆ.

3. ಹತ್ತರಲ್ಲಿ ಏಳು ಪಾಲು

ಲಂಡನ್ನಿನ ಹೊಗೆಯ ವಿರುದ್ಧ ಆಜ್ಞೆ ಹೊರಟದ್ದು 20ನೇ ಶತಮಾನದಲ್ಲಿ ಮೊದಲಲ್ಲ. 14ನೇ ಶತಮಾನದ ಆರಂಭದಲ್ಲೇ ಒಂದನೇ ಎಡ್ವರ್ಡ್ ದೊರೆ ಸುಣ್ಣದ ಗೂಡುಗಳಲ್ಲಿ ಕಲ್ಲಿದ್ದಲು ಉರಿಸಕೂಡದು ಎಂದು ಡಂಗುರ ಹೊಡೆಸಿದ್ದ. ಸೌದೆ ದುಬಾರಿ, ಕಲ್ಲಿದ್ದಲು ಅಗ್ಗ. ಜನ ಉರಿಸುತ್ತಲೇ ಇದ್ದರು. 1661ರಲ್ಲಿ ಜಾನ್ ಎವೆಲಿನ್ ‘ಫ್ಯೂಮಿಫ್ಯೂಜಿಯಂ’ ಎಂಬ ಪುಸ್ತಿಕೆ ಬರೆದು ಎರಡನೇ ಚಾರ್ಲ್ಸ್ ದೊರೆಗೆ ಅರ್ಪಿಸಿದ. ಹೊಗೆಯ ಕಸುಬುಗಳನ್ನು ಊರಾಚೆ ಸಾಗಿಸಿ, ಸುತ್ತ ಪರಿಮಳದ ಗಿಡ ನೆಡಿಸಿ ಎಂದು ಅದರಲ್ಲಿ ಸಲಹೆ ಇತ್ತು. ಯಾವುದೂ ನಡೆಯಲಿಲ್ಲ. ಊರಿನ ಲಕ್ಷಾಂತರ ಜನ ಅಡುಗೆಗೆ, ಚಳಿಗೆ ಬದಲಿಗೆ ಏನು ಉರಿಸಬೇಕು ಎಂಬುದಕ್ಕೆ ಆರೂವರೆ ಶತಮಾನ ಯಾರ ಬಳಿಯೂ ಉತ್ತರವಿರಲಿಲ್ಲ.

1952ರ ನಂತರವೂ ಸರ್ಕಾರ ತಾನಾಗಿ ಎದ್ದು ಕೂತದ್ದಲ್ಲ. ಆಗ ವಸತಿ ಸಚಿವರಾಗಿದ್ದ, ಮುಂದೆ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್ಮಿಲನ್ ಮರುವರ್ಷ ಸಂಪುಟಕ್ಕೆ ಕೊಟ್ಟ ಟಿಪ್ಪಣಿಯಲ್ಲಿ, ನಾವು ಹೆಚ್ಚೇನೂ ಮಾಡಲಾಗದಿದ್ದರೂ ಬಹಳ ಓಡಾಡುತ್ತಿರುವಂತೆ ಕಾಣಿಸಿಕೊಳ್ಳಬಹುದು ಎಂಬ ಅರ್ಥದ ಮಾತು ಬರೆದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಣಿಸಿಕೊಳ್ಳಲು ನೇಮಿಸುವ ಸಮಿತಿಗಳಲ್ಲಿ ಅಪರೂಪಕ್ಕೆ ಒಂದು ನಿಜವಾಗಿ ಕೆಲಸ ಮಾಡಿಬಿಡುತ್ತದೆ. ಸರ್ ಹ್ಯೂ ಬೀವರ್ ಅಧ್ಯಕ್ಷತೆಯ ಸಮಿತಿ ಅಂಥದು. ನಮ್ಮ ಊರಿನ ಹುಡುಗರೂ ಕನಸು ಕಾಣುವ ಗಿನ್ನೆಸ್ ದಾಖಲೆ ಪುಸ್ತಕದ ಕಲ್ಪನೆಯೂ ಇವರದೇ. ಆಗ ಅವರು ಗಿನ್ನೆಸ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. 1954ರ ನವೆಂಬರಿನಲ್ಲಿ ಸಮಿತಿಯ ಅಂತಿಮ ವರದಿ ಬಂತು. ಜೆರಾಲ್ಡ್ ನಬಾರೋ ಎಂಬ ಸಂಸದ ಖಾಸಗಿ ಮಸೂದೆ ತಂದು ಸರ್ಕಾರದ ಮೇಲೆ ಒತ್ತಡ ಹಾಕಿದರು. 1956ರ ಜುಲೈನಲ್ಲಿ ಶುದ್ಧ ಗಾಳಿ ಕಾಯಿದೆಗೆ ಅಂಗೀಕಾರ ಸಿಕ್ಕಿತು.

ಕಾಯಿದೆಯ ಪ್ರಕಾರ ಪುರಸಭೆಗಳು ಹೊಗೆ ನಿಯಂತ್ರಣ ವಲಯಗಳನ್ನು ಘೋಷಿಸಬಹುದಿತ್ತು. ಆ ವಲಯದ ಮನೆಗಳ ಚಿಮಣಿಯಿಂದ ಹೊಗೆ ಬರಕೂಡದು. ಇಷ್ಟೇ ಆಗಿದ್ದರೆ ಎಡ್ವರ್ಡ್ ದೊರೆಯ ಡಂಗುರಕ್ಕೂ ಇದಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ಜೊತೆಗೆ ಇನ್ನೊಂದು ಮಾತು ಇತ್ತು: ಹಳೆಯ ಅಗ್ಗಿಷ್ಟಿಕೆ ಕಿತ್ತು ಕೋಕ್, ಗ್ಯಾಸ್ ಅಥವಾ ವಿದ್ಯುತ್ತಿನ ಒಲೆ ಹಾಕಿಸುವ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನು ಮನೆಯವರು ವಾಪಸು ಪಡೆಯಬಹುದು. ಅದರಲ್ಲಿ ನಾಲ್ಕು ಪಾಲು ಕೇಂದ್ರ ಬೊಕ್ಕಸದ್ದು, ಮೂರು ಪಾಲು ಪುರಸಭೆಯದು. ಮನೆಯವರ ಕೈಯಿಂದ ಹೋಗುವುದು ಮೂರೇ ಪಾಲು. ಗಾಳಿ ಎಲ್ಲರದಾದರೆ ಅದನ್ನು ಶುದ್ಧ ಮಾಡುವ ಖರ್ಚೂ ಎಲ್ಲರದು ಎಂಬುದನ್ನು ಕಾನೂನು ಇಷ್ಟು ಚೊಕ್ಕವಾಗಿ ಲೆಕ್ಕದಲ್ಲಿ ಬರೆದದ್ದು ಅಪರೂಪ.

ಹಾಗೆಂದು ಮಾರನೇ ದಿನವೇ ಆಕಾಶ ತಿಳಿಯಾಗಲಿಲ್ಲ. 1962ರ ಡಿಸೆಂಬರಿನಲ್ಲಿ ಮತ್ತೊಂದು ಹೊಗೆಮಂಜು ಬಂದು ನೂರಾರು ಜನರನ್ನು ಒಯ್ದಿತು. ಒಲೆಗಳು ಬದಲಾಗುತ್ತಾ ಹೋದವು. 1967ರಿಂದ ಉತ್ತರ ಸಮುದ್ರದ ನೈಸರ್ಗಿಕ ಅನಿಲ ಕೊಳವೆಯಲ್ಲಿ ಮನೆಮನೆಗೆ ಬರತೊಡಗಿದ ಮೇಲೆ ಕಲ್ಲಿದ್ದಲಿಗೆ ಮನೆಯಲ್ಲಿ ಜಾಗವೇ ಉಳಿಯಲಿಲ್ಲ. ಕಾನೂನು ಬಾಗಿಲು ತೋರಿಸಿತು, ಅನಿಲ ಆ ಬಾಗಿಲಿನಿಂದ ಒಳಗೆ ಬಂತು. ಎರಡರಲ್ಲಿ ಒಂದು ಇಲ್ಲದಿದ್ದರೂ ಲಂಡನ್ನಿನ ಹೊಗೆ ಹೋಗುತ್ತಿರಲಿಲ್ಲ.

4. ಬದಲಿ ಬರುವ ಮೊದಲೇ ನಿಷೇಧ ಬಂದರೆ

ಇದೇ ಮಾತನ್ನು ಬೇರೆ ಎರಡು ಕಡೆ ಪರೀಕ್ಷಿಸಿ ನೋಡೋಣ.

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ಜನರ ಕಣ್ಣು ಉರಿದು ನೀರು ಸುರಿದಾಗ ಜಪಾನಿನವರು ವಿಷಾನಿಲ ಬಿಟ್ಟರೆಂದು ಹಲವರು ಹೆದರಿದರು. ಬಿಸಿಲಿನ ಊರು, ಕಲ್ಲಿದ್ದಲಿನ ಬಳಕೆ ಕಡಿಮೆ. ಹಾಗಾದರೆ ಈ ಹೊಗೆ ಎಲ್ಲಿಯದು? ಅನಾನಸಿನ ಪರಿಮಳದ ರಸಾಯನವನ್ನು ಅಧ್ಯಯನ ಮಾಡುತ್ತಿದ್ದ ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿಟ್ ಆ ಒಗಟನ್ನು ಬಿಡಿಸಿದರು. ಕಾರಿನ ಹೊಗೆಯ ಹೈಡ್ರೋಕಾರ್ಬನ್ನುಗಳು, ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಪ್ರತಿಕ್ರಿಯಿಸಿ ಓಜೋನ್ ಹುಟ್ಟಿಸುತ್ತವೆ ಎಂದು ತೋರಿಸಿದರು. ಕಾರಿನ ಜೊತೆಗೆ ಅಲ್ಲಿ ಇನ್ನೊಂದು ಹೊಗೆಯೂ ಇತ್ತು: ಮನೆ ಹಿತ್ತಿಲುಗಳಲ್ಲಿ ಕಸ ಸುಡುವ ಸಿಮೆಂಟಿನ ಪುಟ್ಟ ಗೂಡುಗಳು. 1957ರಲ್ಲಿ ಅವನ್ನು ನಿಷೇಧಿಸಿದರು. ಅದೇ ಹೊತ್ತಿಗೆ ನಗರಪಾಲಿಕೆಯ ಗಾಡಿ ಮನೆ ಬಾಗಿಲಿಗೆ ಬಂದು ಕಸ ಒಯ್ಯತೊಡಗಿತು. ಹಿತ್ತಿಲಿನ ಹೊಗೆ ನಿಂತಿತು. ಕಾರಿನ ಹೊಗೆಗೆ ಬದಲಿ ಬರಲು 1975ರ ಮಾದರಿಯ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೀಸರಹಿತ ಪೆಟ್ರೋಲ್ ಬರುವವರೆಗೂ ಕಾಯಬೇಕಾಯಿತು. ಕಣ್ಣುರಿ ಕಡಿಮೆಯಾಗಲೂ ಅಷ್ಟೇ ಕಾಲ ಹಿಡಿಯಿತು.

ಇದರ ತದ್ವಿರುದ್ಧ ಕತೆ ಚೀನಾದ್ದು. ಬೀಜಿಂಗ್ ಸುತ್ತಿನ ಹೊಗೆಮಂಜು ಕಡಿಮೆ ಮಾಡಲು 2017ರಲ್ಲಿ ಉತ್ತರ ಚೀನಾದ 28 ನಗರಗಳ ಸುತ್ತಿನ ಲಕ್ಷಾಂತರ ಮನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ, ವಿದ್ಯುತ್ತಿಗೆ ಬರಬೇಕು ಎಂದಾಯಿತು. ಅಧಿಕಾರಿಗಳು ಉತ್ಸಾಹದಿಂದ ಕಲ್ಲಿದ್ದಲಿನ ಒಲೆಗಳನ್ನು ಕೀಳಿಸಿದರು. ಚಳಿ ಬಂತು, ಎಷ್ಟೋ ಕಡೆ ಗ್ಯಾಸಿನ ಕೊಳವೆ ಬರಲಿಲ್ಲ. ಹೆಬೈ ಪ್ರಾಂತ್ಯದ ಚೂಯಾಂಗ್ ಎಂಬಲ್ಲಿ ತರಗತಿಯೊಳಗೆ ಕೂರಲಾಗದೆ ಶಾಲೆಯ ಮಕ್ಕಳು ಮೈದಾನದ ಬಿಸಿಲಿನಲ್ಲಿ ಕೂತು ಪಾಠ ಕೇಳಿದ ಸುದ್ದಿ ದೇಶವೆಲ್ಲ ಹರಡಿತು. ಡಿಸೆಂಬರಿನಲ್ಲಿ ಪರಿಸರ ಸಚಿವಾಲಯವೇ ತುರ್ತು ಪತ್ರ ಬರೆದು, ಬದಲಾವಣೆ ಮುಗಿಯದ ಕಡೆ ಕಲ್ಲಿದ್ದಲು ಉರಿಸಬಹುದು ಎಂದು ಅನುಮತಿ ಕೊಡಬೇಕಾಯಿತು. ಪ್ರಜಾಪ್ರಭುತ್ವದಲ್ಲಿ ಗಟ್ಟಿ ನಿರ್ಧಾರ ಆಗುವುದಿಲ್ಲ, ಚೀನಾ ನೋಡಿ ಎನ್ನುವವರು ನಮ್ಮಲ್ಲಿ ಬಹಳ. ಅವರಿಗೆ ಈ ಪ್ರಸಂಗವನ್ನು ನೆನಪಿಸಬೇಕು. ಅಂಥ ಸರ್ಕಾರದ ಗಟ್ಟಿ ಆಜ್ಞೆಯೂ ಬದಲಿ ಇಲ್ಲದೆ ಒಂದು ಚಳಿಗಾಲ ಬಾಳಲಿಲ್ಲ.

5. ದೆಹಲಿಯ ಒಂದು ಗೆಲುವು, ಒಂದು ಸೋಲು

ದೆಹಲಿ ಎಂದರೆ ಸೋಲಿನ ಕತೆ ಎಂದೇ ನಮಗೆಲ್ಲ ಅಭ್ಯಾಸವಾಗಿದೆ. ಅಲ್ಲಿ ಒಂದು ದೊಡ್ಡ ಗೆಲುವೂ ಉಂಟು. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ ದಾವೆಯ ಜಾಡಿನಲ್ಲಿ 1998ರ ಜುಲೈ 28ರಂದು ಸುಪ್ರೀಂ ಕೋರ್ಟು, ದೆಹಲಿಯ ಬಸ್ಸುಗಳೆಲ್ಲ 2001ರ ಮಾರ್ಚ್ ಅಂತ್ಯದೊಳಗೆ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಬೇಕು ಎಂದಿತು. ಗಡುವು ಬಂದಾಗ ಅನಿಲ ಬಂಕುಗಳು ಸಾಲದೆ ಆಟೋ, ಬಸ್ಸುಗಳು ಗಂಟೆಗಟ್ಟಲೆ ಸಾಲು ನಿಂತವು. ಬಸ್ಸಿಲ್ಲದೆ ಜನ ಪರದಾಡಿದರು. ಕೋರ್ಟು ಬಗ್ಗಲಿಲ್ಲ, ಆದರೆ ಅನಿಲ ಪೂರೈಕೆ ಹೆಚ್ಚಿಸಿ ಎಂದು ಸರ್ಕಾರವನ್ನೂ ಬಿಡಲಿಲ್ಲ. 2002ರ ಕೊನೆಗೆ ನಗರದ ಬಸ್ಸುಗಳೆಲ್ಲ ಬದಲಾದವು. ಬಸ್ಸಿನ ಹಿಂದೆ ಕಪ್ಪು ಹೊಗೆಯ ಬಾಲ ಕಾಣುವುದು ನಿಂತಿತು. ಆಮೇಲೆ ಕಾರುಗಳು, ಅದರಲ್ಲೂ ಡೀಸೆಲ್ ಕಾರುಗಳು ಬೆಳೆದ ವೇಗಕ್ಕೆ ಆ ಲಾಭ ಕರಗಿತು ಎಂಬುದು ನಿಜ. ಬದಲಿ ಕೊಟ್ಟಲ್ಲಿ ಕೆಲಸ ಆಯಿತು ಎಂಬುದೂ ನಿಜ.

ಸೋಲು ಇರುವುದು ದೆಹಲಿಯ ಆಚೆ, ಭತ್ತದ ಕೂಳೆಗೆ ಹಚ್ಚುವ ಬೆಂಕಿಯಲ್ಲಿ. ಪಂಜಾಬ್ ಹರಿಯಾಣದ ರೈತರ ಮನೆಯ ಮುಖ್ಯ ಊಟ ಗೋಧಿ ರೊಟ್ಟಿ. ಅವರು ಭತ್ತ ಬೆಳೆಯುವುದು ಬಹುಪಾಲು ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಳ್ಳುತ್ತದೆ ಎಂದು. ಆ ಅಕ್ಕಿ ಕೇಂದ್ರ ದಾಸ್ತಾನಿಗೆ ಹೋಗಿ ಪಡಿತರವಾಗಿ ದೇಶಕ್ಕೆಲ್ಲ ಹಂಚಿಕೆಯಾಗುತ್ತದೆ. ಬೇಸಿಗೆಯಲ್ಲಿ ನಾಟಿ ಮಾಡಿ ಅಂತರ್ಜಲ ಬಸಿದುಹೋಗುತ್ತಿದೆ ಎಂದು 2009ರಲ್ಲಿ ಪಂಜಾಬ್ ಸರ್ಕಾರ ಕಾನೂನು ತಂದು, ಜೂನ್ 10ಕ್ಕಿಂತ ಮೊದಲು ನಾಟಿ ಕೂಡದು ಎಂದಿತು. ನೀರಿಗೆ ಅದು ಒಳ್ಳೆಯದೇ. ಆದರೆ ನಾಟಿ ಮುಂದೆ ಹೋದಂತೆ ಕೊಯ್ಲೂ ಅಕ್ಟೋಬರ್ ಕೊನೆಗೆ ಜರುಗಿತು. ನವೆಂಬರ್ ನಡುವಿನ ಹೊತ್ತಿಗೆ ಗೋಧಿ ಬಿತ್ತದಿದ್ದರೆ ಇಳುವರಿ ಬೀಳುತ್ತದೆ. ಕಂಬೈನ್ ಯಂತ್ರ ತೆನೆ ಕೊಯ್ದು ಮೊಣಕಾಲುದ್ದದ ಕೂಳೆ ನಿಲ್ಲಿಸಿ ಹೋಗಿರುತ್ತದೆ. ರೈತನ ಕೈಯಲ್ಲಿ ಇರುವುದು ಎರಡು ಮೂರು ವಾರ. ಕೂಲಿ ಇಟ್ಟು ಕೀಳಿಸಿದರೆ ಸಾವಿರಾರು ರೂಪಾಯಿ, ಕಡ್ಡಿ ಗೀರಿದರೆ ಒಂದು ರೂಪಾಯಿಯೂ ಇಲ್ಲ. ಅದೇ ಹೊತ್ತಿಗೆ ಗಾಳಿ ವಾಯವ್ಯದಿಂದ ದೆಹಲಿಯತ್ತ ಬೀಸುತ್ತದೆ, ಅದೇ ಹೊತ್ತಿಗೆ ಚಳಿಯ ಮುಚ್ಚಳ ಕೂರತೊಡಗುತ್ತದೆ.

ನಾವು ಮಾಡಿದ್ದೇನು? ಮೊದಲು ದಂಡ. ಎರಡು ಎಕರೆಯೊಳಗಿನವರಿಗೆ 2,500 ರೂಪಾಯಿ, ಐದು ಎಕರೆಯೊಳಗೆ 5,000, ಅದಕ್ಕೂ ಮೇಲೆ 15,000. 2024ರ ನವೆಂಬರಿನಲ್ಲಿ ಇದನ್ನು ದುಪ್ಪಟ್ಟು ಮಾಡಿದರು. ಬದಲಿಯನ್ನೂ ಕೊಡಲಿಲ್ಲವೆಂದಲ್ಲ. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರಿನಂಥ ಯಂತ್ರಗಳಿಗೆ 2018ರಿಂದ ರೈತನಿಗೆ ಶೇ 50, ಸಹಕಾರ ಸಂಘಗಳಿಗೆ ಶೇ 80 ಸಹಾಯಧನ ಇದೆ. ಲಂಡನ್ನಿನ ಹತ್ತರಲ್ಲಿ ಏಳು ಪಾಲಿಗೆ ಇದೇನೂ ಬಹಳ ದೂರವಲ್ಲ ಎನಿಸಬಹುದು. ಆದರೆ ಲಂಡನ್ನಿನ ಒಲೆ ವರ್ಷವೆಲ್ಲ ಮನೆಗೆ ಬೇಕಾದದ್ದು. ಈ ಯಂತ್ರ ವರ್ಷದಲ್ಲಿ ಮೂರು ವಾರ ಕೆಲಸ ಮಾಡಿ ಉಳಿದ ಕಾಲ ಹಗೇವಿನ ಪಕ್ಕ ತುಕ್ಕು ಹಿಡಿಯುತ್ತದೆ. ಎಳೆಯಲು ದೊಡ್ಡ ಟ್ರ್ಯಾಕ್ಟರು ಬೇಕು. ಊರಿನ ಎಲ್ಲರಿಗೂ ಅದೇ ಎರಡು ಮೂರು ವಾರದಲ್ಲಿ ಬೇಕು. ನಿಜವಾದ ಬದಲಿ ಎಂದರೆ ಭತ್ತಕ್ಕೇ ಬದಲಿ: ಮುಸುಕಿನ ಜೋಳ, ಬೇಳೆಕಾಳುಗಳಿಗೂ ಭತ್ತದಷ್ಟೇ ಖಾತರಿಯ ಖರೀದಿ. ಅಲ್ಲಿಯವರೆಗೆ ಆ ಹೊಗೆಯಲ್ಲಿ ಪಡಿತರ ಅಕ್ಕಿ ಉಣ್ಣುವ ದೇಶದ ಪಾಲೂ ಇದೆ. ಇಷ್ಟಾಗಿ, ಕೂಳೆಯ ಹೊಗೆ ಕೆಲವೇ ವಾರಗಳದ್ದು. ದೆಹಲಿಯ ಗಾಳಿ ಉಳಿದ ಹತ್ತು ಹನ್ನೊಂದು ತಿಂಗಳು ಕೆಡುವುದು ಅದರದೇ ವಾಹನ, ಕಟ್ಟಡದ ದೂಳು, ಕೈಗಾರಿಕೆ, ಕಸದ ಬೆಂಕಿಯಿಂದ. ರೈತನತ್ತ ಬೆರಳು ತೋರಿಸುವುದು ಸುಲಭ, ಅವನು ದೂರದಲ್ಲಿದ್ದಾನೆ.

6. ನಮ್ಮ ಊರುಗಳು

ಬೆಂಗಳೂರಿನವರಿಗೆ ಒಂದು ಸಮಾಧಾನವಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ಬೀಸುತ್ತಿರುತ್ತದೆ, ದೆಹಲಿಯಷ್ಟು ಕಠಿಣ ಚಳಿಯಿಲ್ಲ. ಹೀಗಾಗಿ ಕಣ್ಣಿಗೆ ಕಾಣುವ ಹೊಗೆಮಂಜು ನಮಗೆ ಅಪರೂಪ. ಕಾಣದ್ದು ಇಲ್ಲ ಎಂದುಕೊಳ್ಳುವುದೇ ತೊಂದರೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಪಿಎಂ 2.5 ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 30 ಮೈಕ್ರೋಗ್ರಾಂ ಆಸುಪಾಸಿನಲ್ಲಿದೆ. ನಮ್ಮ ದೇಶದ ಮಿತಿ 40. ಪಾಸಾಯಿತು! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ನಮ್ಮದು ಅದರ ಆರು ಪಟ್ಟು. ಶ್ವಾಸಕೋಶಕ್ಕೆ ಗೆಜೆಟ್ ಓದಲು ಬರುವುದಿಲ್ಲ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರಿನ ಜೊತೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯೂ ಇವೆ.

ಬೆಳಿಗ್ಗೆ ಆರು ಗಂಟೆಗೆ ನಮ್ಮ ಯಾವುದೇ ಬಡಾವಣೆಯಲ್ಲಿ ನಡೆದುಹೋಗಿ. ಹೊಂಗೆ, ಮಳೆಮರದ ಎಲೆ ರಾತ್ರಿಯೆಲ್ಲ ಉದುರಿರುತ್ತದೆ. ಪೌರಕಾರ್ಮಿಕ ಹೆಣ್ಣುಮಗಳು ಉದ್ದನೆಯ ಕಡ್ಡಿಪೊರಕೆಯಲ್ಲಿ ಗುಡಿಸಿ ತಿರುವಿನ ಚರಂಡಿ ಪಕ್ಕ ಗುಡ್ಡೆ ಹಾಕಿರುತ್ತಾಳೆ. ಎಲೆಯ ಜೊತೆ ಗುಟ್ಕಾ ಪೊಟ್ಟಣ, ಹಾಲಿನ ಕವರು, ತಿಂಡಿ ಪೊಟ್ಟಣದ ಬೆಳ್ಳಿ ಹಾಳೆ. ಇಬ್ಬನಿಗೆ ಎಲೆ ಹಸಿಯಾಗಿದೆ, ಹೊತ್ತುವುದಿಲ್ಲ. ಒಂದು ಪ್ಲಾಸ್ಟಿಕ್ ಚೀಲವನ್ನು ಕೆಳಗೆ ತುರುಕಿ ಕಡ್ಡಿ ಗೀರುತ್ತಾಳೆ. ಹಳದಿ ಹೊಗೆ ನೆಲದ ಮಟ್ಟದಲ್ಲೇ ಹರಡುತ್ತದೆ. ಶಾಲೆಯ ವ್ಯಾನಿಗೆ ಕಾಯುವ ಮಗುವಿನ ಮೂಗಿನ ಎತ್ತರ ಅದು. ಆದರೆ ಮೊದಲು ಅದನ್ನು ಕುಡಿಯುವವಳು ಕಡ್ಡಿ ಗೀರಿದ ಹೆಣ್ಣುಮಗಳೇ. ವಾಕಿಂಗಿಗೆ ಬಂದ ಯಜಮಾನರು ಗದರುತ್ತಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ ಎಂಬುದು ಅವರಿಗೆ ಗೊತ್ತು. ಆಟೋ ಟಿಪ್ಪರಿನವನು ಎಲೆ ತುಂಬಿಕೊಳ್ಳುವುದಿಲ್ಲ, ಹತ್ತು ಗಂಟೆಯೊಳಗೆ ಬೀದಿ ಚೊಕ್ಕಟವಿರದಿದ್ದರೆ ಮೇಸ್ತ್ರಿ ಹಾಜರಿ ಹಾಕುವುದಿಲ್ಲ ಎಂಬುದು ಅವಳಿಗೆ ಗೊತ್ತು. ಬಡಾವಣೆಗೊಂದು ಎಲೆಗೊಬ್ಬರದ ಗುಂಡಿ, ಎಲೆಗೇ ಮೀಸಲಾದ ಗಾಡಿಯ ಒಂದು ಸುತ್ತು: ಇಷ್ಟಿದ್ದರೆ ಆ ಬೆಂಕಿಗೆ ಕೆಲಸವಿಲ್ಲ. ಕೆಲವು ಬಡಾವಣೆಗಳ ನಿವಾಸಿ ಸಂಘಗಳು ಇದನ್ನು ಮಾಡಿಯೂ ತೋರಿಸಿವೆ. ಮಂಡ್ಯ, ಬೆಳಗಾವಿಯ ಕಡೆ ಕಬ್ಬಿನ ರವದಿಗೆ ಬೆಂಕಿ ಇಡುವ ರೈತನ ವಿಷಯವೂ ಇದಕ್ಕಿಂತ ಬೇರೆಯಲ್ಲ.

ಒಲೆಯ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ವಿಭಾಗದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಹಳ್ಳಿಯ ಹೆಂಗಸರ ಜೊತೆ ಕೂತು ಅಡುಗೆ ಹೇಗೆ ನಡೆಯುತ್ತದೆ ಎಂದು ಅಳೆದು ನೋಡಿದರು. ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಿರುವ ಅಸ್ತ್ರ ಒಲೆ ಅದರ ಫಲ. ಸೌದೆ ಉಳಿಯಿತು, ಅಡುಗೆಮನೆಯ ಹೊಗೆ ಇಳಿಯಿತು. ಹೊಗೆಯನ್ನು ಬೈಯುವ ಮೊದಲು ಅಡುಗೆಯವಳ ಅಗತ್ಯ ಏನೆಂದು ಕೇಳುವುದು ಇಲ್ಲಿನ ಮುಖ್ಯ ಪಾಠ. ಇಂದು ಉಜ್ವಲ ಯೋಜನೆಯಿಂದ ಸಿಲಿಂಡರು ಬಡವರ ಮನೆಗೂ ಬಂದಿದೆ. ಎರಡನೇ ಸಿಲಿಂಡರು ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಸೌದೆ ಒಲೆಯೂ ಅದರ ಪಕ್ಕದಲ್ಲೇ ಉರಿಯುತ್ತಿದೆ. ಒಲೆ ಕೊಟ್ಟ ಮೇಲೆ ಅದು ಉರಿಯುವಂತೆ ನೋಡಿಕೊಳ್ಳುವುದೂ ಬದಲಿಯ ಭಾಗ.

ವಾಹನಗಳಿಗೆ ಬಂದರೆ, ಬೆಂಗಳೂರಿನಲ್ಲಿ ಅವುಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಮೂರರಲ್ಲಿ ಸುಮಾರು ಎರಡು ಪಾಲು ದ್ವಿಚಕ್ರ ವಾಹನಗಳು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ದರ್ಜೆಯ ಇಂಧನ ಬಂದು ಅದರಲ್ಲಿನ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿದಿದೆ. ಒಳ್ಳೆಯದೇ, ಆದರೆ ಒಂದು ಕೋಟಿ ಗಾಡಿಗಳು ಸಿಲ್ಕ್ ಬೋರ್ಡಿನಂಥ ವೃತ್ತಗಳಲ್ಲಿ ಎಂಜಿನ್ ಆರಿಸದೆ ನಿಂತರೆ ಆ ಲಾಭ ಎಷ್ಟು ದಿನ? ಸ್ಕೂಟರಿಗೆ ಬದಲಿ ಬಸ್ಸು. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಗಾಳಿಗಾಗಿ ತಂದದ್ದಲ್ಲ. ಆದರೂ ಟಿಕೆಟಿನ ಪೂರ್ತಿ ಖರ್ಚನ್ನು ಸರ್ಕಾರ ಹೊತ್ತುಕೊಂಡ ಆ ಲೆಕ್ಕ ಹತ್ತರಲ್ಲಿ ಏಳು ಪಾಲಿಗಿಂತ ಉದಾರ. ಹತ್ತಲು ಸಾಕಷ್ಟು ಬಸ್ಸು ಇದ್ದರೆ ಮಾತ್ರ ಅದು ಗಾಳಿಗೂ ಯೋಜನೆಯಾಗುತ್ತದೆ.

7. ಎರಡು ಆಕ್ಷೇಪಗಳು, ಒಂದು ಸಲಹೆ

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಹೊಗೆ ಬಿಡುವವನಿಗೇ ದುಡ್ಡು ಕೊಡುವುದು ಯಾವ ನ್ಯಾಯ? ಇಲ್ಲಿ ವಿಂಗಡಣೆ ಬೇಕು. ಅಗ್ಗಿಷ್ಟಿಕೆಯ ತಾಯಿ, ಕೂಳೆಯ ರೈತ, ಪೌರಕಾರ್ಮಿಕ ಹೆಣ್ಣುಮಗಳು ಹೊಗೆ ಬಿಡುವುದು ಬೇರೆ ದಾರಿಯಿಲ್ಲದೆ. ಅವರಿಗೆ ಬದಲಿ ಕೊಟ್ಟ ಮೇಲೆಯೇ ಕಾನೂನಿಗೆ ಬಾಯಿ ಬರಬೇಕು. ಜಾಲರಿ ಕಟ್ಟದೆ ಬಹುಮಹಡಿ ಏಳಿಸುವ ಬಿಲ್ಡರು, ಶೋಧಕ ಯಂತ್ರವಿದ್ದರೂ ರಾತ್ರಿ ಆರಿಸಿಡುವ ಕಾರ್ಖಾನೆ, ಎರಡು ಕಿಲೋಮೀಟರಿಗೆ ಮೂರನೇ ಕಾರು ತೆಗೆಯುವ ಮನೆ ಇವರಿಗೆ ದಾರಿ ಇದೆ, ದುಡ್ಡೂ ಇದೆ. ಅಲ್ಲಿ ದಂಡವೇ ಸರಿ, ಅದು ವಸೂಲಿಯಾಗುವುದೂ ಅಷ್ಟೇ ಸರಿ.

ಎರಡನೆಯದು: ಬದಲಿಯೇ ಇನ್ನೊಂದು ಕೇಡಾದರೆ? ಆಗಿದೆ. ಬ್ರಿಟನ್ ವಿದ್ಯುತ್ ಸ್ಥಾವರಗಳಿಗೆ ಎತ್ತರದ ಚಿಮಣಿ ಕಟ್ಟಿತು. ಊರು ತಿಳಿಯಾಯಿತು, ಗಂಧಕ ಗಾಳಿಯಲ್ಲಿ ತೇಲಿ ನಾರ್ವೆ, ಸ್ವೀಡನ್ನಿನ ಕೆರೆಗಳಲ್ಲಿ ಆಮ್ಲಮಳೆಯಾಗಿ ಸುರಿಯಿತು. ಇಂಗಾಲ ಕಡಿಮೆಯೆಂದು 2001ರಿಂದ ಡೀಸೆಲ್ ಕಾರಿಗೆ ತೆರಿಗೆಯಲ್ಲಿ ಅನುಕೂಲ ಮಾಡಿಕೊಟ್ಟ ಅದೇ ಬ್ರಿಟನ್ನಿನಲ್ಲಿ, 2019ರಲ್ಲಿ ಹಳೆಯ ಡೀಸೆಲ್ ಕಾರು ಲಂಡನ್ನಿನ ನಡುಭಾಗಕ್ಕೆ ಬಂದರೆ ದಿನಕ್ಕೆ 12.50 ಪೌಂಡ್ ಕೇಳತೊಡಗಿದರು. ಆದ್ದರಿಂದ ಬದಲಿಯನ್ನೂ ಅಳೆಯುತ್ತಿರಬೇಕು, ತಪ್ಪಿದರೆ ತಿದ್ದಬೇಕು. ಹಾಗೆಂದು ಬದಲಿಯೇ ಬೇಡ ಎನ್ನಲಾಗದು.

ಮ್ಯಾಕ್ಮಿಲನ್ ಟಿಪ್ಪಣಿ ನೆನಪಿಡಿ ಎಂದಿದ್ದೆ. ದೆಹಲಿಯ ಕನಾಟ್ ಪ್ಲೇಸಿನಲ್ಲಿ 2021ರಲ್ಲಿ ಹೊಗೆ ಹೀರುವ ದೊಡ್ಡ ಗೋಪುರ ಎದ್ದಿತು. ಬಯಲಿನ ಗಾಳಿಯನ್ನು ಫ್ಯಾನು ಹಚ್ಚಿ ಸೋಸುವ ಸಾಹಸ. ಶುದ್ಧ ಗಾಳಿ ಕಾರ್ಯಕ್ರಮದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆ ದೂಳಿಗೆ ಹೋಗಿದೆ, ಕೈಗಾರಿಕೆಯ ಹೊಗೆಗೆ ಶೇ 1ರಷ್ಟೂ ಹೋಗಿಲ್ಲ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿತು. ನೀರು ಚಿಮುಕಿಸುವ ಲಾರಿ, ಕಸ ಗುಡಿಸುವ ಯಂತ್ರ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಓಡಾಡುತ್ತಿರುವಂತೆ ಕಾಣಿಸಿಕೊಳ್ಳುವ ವಿದ್ಯೆ ಹಡಗು ಹತ್ತಿ ನಮ್ಮಲ್ಲಿಗೂ ಬಂದಿದೆ.

ಹಾಗಾಗಿ ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಒಂದೇ. ನಿಮ್ಮ ಊರಿನ ಶುದ್ಧ ಗಾಳಿ ಯೋಜನೆಯ ಪ್ರತಿಯನ್ನು ತರಿಸಿಕೊಳ್ಳಿ. ಅದು ಸಾರ್ವಜನಿಕ ದಾಖಲೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ. ಮೊದಲನೆಯದರಲ್ಲಿ ಯಾವ ಹೊಗೆ ನಿಲ್ಲಬೇಕು ಎಂದು ಬರೆಯಿರಿ, ಎರಡನೆಯದರಲ್ಲಿ ಅದರ ಬದಲಿಗೇನು, ಮೂರನೆಯದರಲ್ಲಿ ಖರ್ಚು ಯಾರದು. ಮೊದಲ ಕಲಂ ತಾನಾಗಿ ತುಂಬುತ್ತದೆ. ಎರಡನೆಯದು, ಮೂರನೆಯದು ಎಲ್ಲೆಲ್ಲಿ ಖಾಲಿ ಉಳಿಯುತ್ತವೋ ಆ ಸಾಲುಗಳನ್ನು ಹಿಡಿದು ವಾರ್ಡ್ ಸಮಿತಿಗೆ, ಪಾಲಿಕೆಗೆ, ಶಾಸಕರ ಬಳಿಗೆ ಹೋಗಿ ಉತ್ತರ ಕೇಳಿ. ಯೋಜನೆ ಸೋಲುವುದು ಆ ಸಾಲುಗಳಲ್ಲೇ. ಅದನ್ನು ಸರಿಪಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.